ಪರದೆ ಯಾರ ಕಡೆಗೆ ಮುಖ ಮಾಡಿದೆ?

ಸರಕಾರಿ ಕಚೇರಿಯ ಕೌಂಟರಿನ ಮುಂದೆ ನಿಂತವರಿಗೆ ಕಂಪ್ಯೂಟರಿನ ಬೆನ್ನು ಮಾತ್ರ ಕಾಣುತ್ತದೆ. ಒಂದಷ್ಟು ವೈರು, ಒಂದಷ್ಟು ಧೂಳು, ದಾಸ್ತಾನು ಸಂಖ್ಯೆ ಬರೆದು ಅಂಟಿಸಿದ ಚೀಟಿ. ಅದರ ಮುಖವಿರುವುದು ಒಳಗೆ ಕುಳಿತವರ ಕಡೆಗೆ. ನಮ್ಮ ಹೆಸರು, ವಯಸ್ಸು, ಜಮೀನು, ಸಾಲ ಎಲ್ಲವೂ ಆ ಮುಖದ ಮೇಲಿರುತ್ತವೆ. ಆದರೆ ಅವನ್ನು ಓದುವವರು ನಾವಲ್ಲ.

ನೆರೆಮನೆಯ ವೃದ್ಧೆಯೊಬ್ಬರ ವಿಧವಾ ವೇತನದ ಕೆಲಸಕ್ಕಾಗಿ ಇಂತಹ ಒಂದು ಕೌಂಟರಿಗೆ ನಾವು ಮೂರು ಬಾರಿ ಜೊತೆಯಾಗಿ ಹೋದೆವು. ಮೂರು ಬಾರಿಯೂ ಒಂದೇ ಉತ್ತರ: "ಗಂಡನ ಹೆಸರು ತಾಳೆಯಾಗುವುದಿಲ್ಲ." ಯಾವ ಅಕ್ಷರ ತಾಳೆಯಾಗುವುದಿಲ್ಲ ಎಂದು ಕೇಳಿದರೆ, "ಸಿಸ್ಟಮ್‌ನಲ್ಲಿ ಹಾಗೇ ಬರುತ್ತದೆ" ಎಂದರು. ಅಲ್ಲಿ ಕುಳಿತಿದ್ದವರು ಕೆಟ್ಟವರೇನಲ್ಲ. ಹಿಂದೆ ಇಪ್ಪತ್ತು ಜನರ ಸಾಲಿತ್ತು. ಆ ತಾಯಿಯೋ ಗಂಡನ ಹೆಸರನ್ನು ಬದುಕಿಡೀ ಬಾಯಲ್ಲಿ ಆಡಿದವರಲ್ಲ, "ಇವರು" ಎಂದೇ ಕರೆದವರು. ಇವರ ಹೆಸರು ಒಂದು ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿದೆ ಎಂಬಷ್ಟೇ ಅವರಿಗೆ ಅರ್ಥವಾಗಿತ್ತು.

ಮೂರನೆಯ ಸಲ ಬರಿಗೈಯಲ್ಲಿ ಹಿಂದಿರುಗಿ ಬಸ್ಸಿಗೆ ಕಾಯುತ್ತಿದ್ದಾಗ ನಮಗೊಂದು ಪ್ರಶ್ನೆ ಮೂಡಿತು. ಈ ಪರದೆ ಯಾಕೆ ಗೋಡೆಯ ಹಾಗೆ ನೆಟ್ಟಗೆ ನಿಂತಿದೆ? ಹಿಂದೆ ಇದೇ ಮೇಜಿನ ಮೇಲೆ ದಫ್ತರ ಮಲಗಿರುತ್ತಿತ್ತು. ಕತ್ತು ಚಾಚಿದರೆ ನಮಗೂ ಕಾಣುತ್ತಿತ್ತು. ಪರದೆಯೂ ಮೇಜಿನ ಮೇಲೆ ಹಾಗೆಯೇ ಮಲಗಿದ್ದರೆ, ಮೇಜೇ ಪರದೆಯಾಗಿದ್ದರೆ ಏನಾಗುತ್ತಿತ್ತು?

ಇದು ಬಸ್‌ಸ್ಟ್ಯಾಂಡಿನ ಹಗಲುಗನಸೇನೂ ಅಲ್ಲ. ಅಂತಹ ಮೇಜುಗಳನ್ನು ಮಾಡಿದವರಿದ್ದಾರೆ, ಮಾರಿದವರೂ ಇದ್ದಾರೆ. 2007ರ ಮೇ 30ರಂದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೈಕ್ರೋಸಾಫ್ಟ್ ಕಂಪೆನಿಯ ಅಂದಿನ ಮುಖ್ಯಸ್ಥ ಸ್ಟೀವ್ ಬಾಮರ್ 'ಸರ್ಫೇಸ್' ಎಂಬ ಹೆಸರಿನ ಮೇಜೊಂದನ್ನು ಲೋಕಕ್ಕೆ ತೋರಿಸಿದರು. ಅದರ ಮೇಲ್ಮೈಯೇ 30 ಇಂಚಿನ ಪರದೆ. ಕೀಲಿಮಣೆ ಇಲ್ಲ, ಮೌಸ್ ಇಲ್ಲ, ಬೆರಳುಗಳೇ ಸಾಕು. ಹಲವರು ಸುತ್ತ ಕುಳಿತು ಏಕಕಾಲದಲ್ಲಿ ಮುಟ್ಟಿದರೂ ಅದು ಗುರುತಿಸುತ್ತಿತ್ತು. ಗಾಜಿನ ಕೆಳಗೆ ಐದು ಕ್ಯಾಮೆರಾಗಳಿದ್ದವು. ಕಣ್ಣಿಗೆ ಕಾಣದ ಅವಗೆಂಪು ಬೆಳಕಿನಲ್ಲಿ ಅವು ಬೆರಳುಗಳನ್ನೂ ಮೇಲಿಟ್ಟ ವಸ್ತುಗಳನ್ನೂ ನೋಡುತ್ತಿದ್ದವು. ಚಿತ್ರವನ್ನು ಪ್ರೊಜೆಕ್ಟರ್ ಕೆಳಗಿನಿಂದ ಮೇಲಕ್ಕೆ ಎಸೆಯುತ್ತಿತ್ತು.

ಈ ಕ್ಯಾಮೆರಾ, ಪ್ರೊಜೆಕ್ಟರ್‌ಗಳನ್ನೆಲ್ಲ ಹಿಡಿಸಬೇಕಾದ್ದರಿಂದ ಅದು ಮೇಜಿಗಿಂತ ಮುಚ್ಚಿದ ಪೆಟ್ಟಿಗೆಯಂತಿತ್ತು. ಎತ್ತರ 22 ಇಂಚು. ಹತ್ತಿರ ಕುಳಿತರೆ ಮೊಣಕಾಲು ಇಡಲು ಜಾಗವಿಲ್ಲ. ಕಾಲು ಚಾಚಲಾಗದ ಮೇಜನ್ನು ಮೇಜು ಎನ್ನಬಹುದೇ ಎಂಬುದನ್ನು ಬಡಗಿಗಳೇ ಹೇಳಬೇಕು. ಬೆಲೆ ಸುಮಾರು 10,000 ಡಾಲರ್, ಅಂದಿನ ಲೆಕ್ಕದಲ್ಲಿ ಹೆಚ್ಚು ಕಡಿಮೆ 4 ಲಕ್ಷ ರೂಪಾಯಿ.

ಇಷ್ಟು ಬೆಲೆಯ ಮೇಜು ಮೊದಲು ಹೋದದ್ದೆಲ್ಲಿಗೆ? 2008ರ ಏಪ್ರಿಲ್‌ನಲ್ಲಿ ಎಟಿ ಅಂಡ್ ಟಿ ಕಂಪೆನಿಯ ಮೊಬೈಲ್ ಅಂಗಡಿಗಳಿಗೆ. ಎರಡು ಫೋನುಗಳನ್ನು ಅದರ ಮೇಲಿಟ್ಟರೆ ಅವುಗಳ ಗುಣ-ಬೆಲೆಗಳನ್ನು ಅದು ಹೋಲಿಸಿ ತೋರಿಸುತ್ತಿತ್ತು. ಅದೇ ವರ್ಷ ಲಾಸ್ ವೇಗಸ್ ನಗರದ ಜೂಜುಕಟ್ಟೆಯೊಂದರ ಬಾರಿಗೂ ಹೋಯಿತು. ಅಲ್ಲಿ ಗಿರಾಕಿಗಳು ಮೇಜಿನ ಮೂಲಕವೇ ಪಾನೀಯ ತರಿಸಿಕೊಳ್ಳುತ್ತಿದ್ದರು, ಆಟವಾಡುತ್ತಿದ್ದರು. ಮನುಷ್ಯರನ್ನು ಒಂದೆಡೆ ಕೂರಿಸಬಲ್ಲ ಒಂದು ಸಾಧನ ಕೈಗೆ ಬಂದಾಗ ನಮ್ಮ ಕಾಲದ ವ್ಯಾಪಾರಕ್ಕೆ ಮೊದಲು ಹೊಳೆದದ್ದು ಫೋನು ಮಾರುವುದು ಮತ್ತು ಮದ್ಯ ಹಂಚುವುದು! ಇದಕ್ಕೆ ಯಂತ್ರವನ್ನು ದೂರಿ ಫಲವಿಲ್ಲ.

ಮುಂದೆ 2011ರಲ್ಲಿ ಸ್ಯಾಮ್‌ಸಂಗ್ ಜೊತೆಗೂಡಿ 40 ಇಂಚಿನ, ಕೇವಲ 4 ಇಂಚು ದಪ್ಪದ ಹೊಸ ಮಾದರಿಯನ್ನು ಪ್ರಕಟಿಸಲಾಯಿತು. ಕ್ಯಾಮೆರಾಗಳು ಹೋಗಿ ಪರದೆಯ ಚುಕ್ಕೆಗಳ ನಡುವೆಯೇ ಸಂವೇದಕಗಳು ಸೇರಿಕೊಂಡವು. ಕಾಲಿಗೆ ಜಾಗವಾಯಿತು. ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. 2010ರಲ್ಲಿ ಆಪಲ್ ಕಂಪೆನಿಯ ಐಪ್ಯಾಡ್ 499 ಡಾಲರಿಗೆ ಬಂದಿತ್ತು. ನಾಲ್ವರ ನಡುವೆ ಒಂದು ದೊಡ್ಡ ಪರದೆಯ ಬದಲು ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಸಣ್ಣ ಪರದೆ. 2012ರಲ್ಲಿ ಮೈಕ್ರೋಸಾಫ್ಟ್ ತನ್ನ ಮೇಜಿನ ಹೆಸರನ್ನೇ ಕಿತ್ತು ತನ್ನ ಹೊಸ ಟ್ಯಾಬ್ಲೆಟ್‌ಗೆ ಇಟ್ಟಿತು. ಮೇಜಿಗೆ 'ಪಿಕ್ಸೆಲ್‌ಸೆನ್ಸ್' ಎಂಬ ಬೇರೆ ಹೆಸರು ಸಿಕ್ಕಿತು. ಹಿರಿಯ ಮಗನ ಹೆಸರನ್ನು ಕಿರಿಯವನಿಗೆ ಕೊಟ್ಟ ಹಾಗಾಯಿತು. ಇಂದು 'ಸರ್ಫೇಸ್' ಎಂದರೆ ಆ ಮೇಜನ್ನು ನೆನೆಯುವವರು ಕಡಿಮೆ.

ಇನ್ನೊಂದು ಕವಲು ಗೋಡೆಯ ಕಡೆಗೆ ಹೋಯಿತು. 2006ರ ಆರಂಭದಲ್ಲಿ ಜೆಫ್ ಹಾನ್ ಎಂಬ ಸಂಶೋಧಕರು ಡ್ರಾಯಿಂಗ್ ಮೇಜಿನಂತೆ ಓರೆಯಾಗಿಟ್ಟ ಪರದೆಯ ಮೇಲೆ ಹತ್ತು ಬೆರಳುಗಳನ್ನು ಆಡಿಸಿ ಸಭಿಕರನ್ನು ಬೆರಗುಗೊಳಿಸಿದ್ದರು. ಅವರ ಕಂಪೆನಿಯ ಪರದೆ 2008ರ ಅಮೆರಿಕದ ಚುನಾವಣೆಯ ಹೊತ್ತಿಗೆ ಸಿಎನ್‌ಎನ್ ವಾಹಿನಿಯ ಗೋಡೆಯಾಗಿ ನಿಂತಿತು. 2012ರಲ್ಲಿ ಆ ಕಂಪೆನಿಯನ್ನೂ ಮೈಕ್ರೋಸಾಫ್ಟ್ ಕೊಂಡುಕೊಂಡಿತು. 2015ರಲ್ಲಿ ಅದು ಪ್ರಕಟಿಸಿದ 55 ಮತ್ತು 84 ಇಂಚಿನ 'ಸರ್ಫೇಸ್ ಹಬ್' ಸಭಾಕೊಠಡಿಯ ಗೋಡೆಗಾಗಿ ಮಾಡಿದ್ದು. ಸುತ್ತ ಕುಳಿತು ಮುಟ್ಟಬೇಕಾದದ್ದು ಎದ್ದು ನಿಂತಿತು. ಒಬ್ಬರು ಅದರ ಮುಂದೆ ನಿಂತು ಹೇಳುವವರಾದರು, ಉಳಿದವರು ಕುಳಿತು ನೋಡುವವರಾದರು.

ತಜ್ಞರನ್ನು ಕೇಳಿದರೆ ಮೇಜು ಸೋತದ್ದಕ್ಕೆ ಸರಿಯಾದ ಕಾರಣಗಳನ್ನೇ ಕೊಡುತ್ತಾರೆ. ನೆಟ್ಟಗೆ ನಿಂತ ಪರದೆಯನ್ನು ದಿನವಿಡೀ ಮುಟ್ಟುತ್ತಿದ್ದರೆ ತೋಳು ಸೋತುಹೋಗುತ್ತದೆ. 2010ರಲ್ಲಿ ಸ್ಟೀವ್ ಜಾಬ್ಸ್ ಇದೇ ಕಾರಣ ಹೇಳಿ, ಮುಟ್ಟುವ ಪರದೆ ನೆಟ್ಟಗಿರಬಾರದು ಎಂದಿದ್ದರು. ಹಾಗೆಂದು ಪೂರ್ತಿ ಮಲಗಿಸಿದರೆ ಕುತ್ತಿಗೆ ಬಗ್ಗಿ ನೋಯುತ್ತದೆ, ಮೇಲಿನ ದೀಪ ಗಾಜಿನಲ್ಲಿ ಹೊಳೆದು ಕಣ್ಣಿಗೆ ಹೊಡೆಯುತ್ತದೆ. ಮೊಣಕೈ ಊರಿದರೆ ಯಂತ್ರ ಅದನ್ನೂ ಆಜ್ಞೆ ಎಂದು ತಿಳಿಯಬಹುದು. ಚಹಾದ ಲೋಟ ಇಡಲು ಅಂಜಿಕೆ. ಉದ್ದದ ಲೇಖನ ಬರೆಯಲು ಗಾಜಿನ ಮೇಲೆ ಬೆರಳು ಕುಟ್ಟುವುದಕ್ಕಿಂತ ಹಳೆಯ ಕೀಲಿಮಣೆಯೇ ಮೇಲು.

ಓದುವ ವಸ್ತು ನೆಟ್ಟಗೂ ಇರಬಾರದು, ಪೂರ್ತಿ ಮಲಗಲೂಬಾರದು ಎಂಬುದನ್ನು ನಮ್ಮ ಹಿರಿಯರು ಮರದ ಎರಡು ಹಲಗೆಗಳಿಂದಲೇ ಸಾಧಿಸಿದ್ದರು. ಮದ್ರಸದ ಮಕ್ಕಳು ಕುರ್‌ಆನ್ ಇಟ್ಟು ಓದುವ ರೆಹಲ್ ಅದು. ನೆರೆಯ ಹಿಂದೂ ಮನೆಗಳಲ್ಲಿ ಅದೇ ಆಕಾರದ ವಸ್ತುವಿಗೆ ವ್ಯಾಸಪೀಠ ಎನ್ನುತ್ತಾರೆ. ಹೆಸರು ಎರಡು, ಕುತ್ತಿಗೆಯ ನೋವು ಒಂದೇ. 2016ರಲ್ಲಿ ಬಂದ 'ಸರ್ಫೇಸ್ ಸ್ಟುಡಿಯೋ' ಎಂಬ 28 ಇಂಚಿನ ಕಂಪ್ಯೂಟರ್ ಈ ಓರೆಗೇ ಮರಳಿತು. ಅದರ ಪರದೆಯನ್ನು ಎಳೆದರೆ ಮೇಜಿಗೆ 20 ಡಿಗ್ರಿಯವರೆಗೆ ಬಾಗುತ್ತಿತ್ತು. ಚಿತ್ರ ಬರೆಯುವವರು ಮೆಚ್ಚಿದರು. 2024ರ ಕೊನೆಗೆ ಅದರ ತಯಾರಿಕೆಯೂ ನಿಂತಿತು.

ಹಾಗಾದರೆ ದೊಡ್ಡ ಮೇಜುಪರದೆ ನಿಷ್ಪ್ರಯೋಜಕ ಎಂದು ಬರೆದು ಮುಗಿಸಬಹುದೇ? ಒಬ್ಬನೇ ಕುಳಿತು ಮಾಡುವ ಕೆಲಸಕ್ಕೆ ಅದು ಹೆಚ್ಚು ಉಪಯೋಗಕ್ಕೆ ಬಾರದು, ಒಪ್ಪಿದೆವು. ಆದರೆ ಆ ತೀರ್ಪಿನಲ್ಲಿ ಬಳಸಿದ ಅಳತೆಗೋಲು ಯಾವುದು? ಒಬ್ಬ ಮನುಷ್ಯ, ಅವನ ಎರಡು ಕೈ, ಅವನ ಒಂದು ಗಂಟೆ. ಪ್ರವಾದಿ ಮುಹಮ್ಮದ್(ಸ) ಪ್ರಯೋಜನವಿಲ್ಲದ ಜ್ಞಾನದಿಂದ ಅಲ್ಲಾಹನ ಅಭಯ ಕೋರುತ್ತಿದ್ದರು ಎಂದು ನಾವೆಲ್ಲ ಕೇಳಿದ್ದೇವೆ. ಪ್ರಯೋಜನ ಎಂದ ಕೂಡಲೇ ಯಾರಿಗೆ ಎಂಬ ಪ್ರಶ್ನೆ ಹುಟ್ಟಬೇಕು. ಪರದೆಯ ಮುಂದಿರುವವರಿಗೋ ಅಥವಾ ಹಿಂದೆ ನಿಂತಿರುವವರಿಗೋ?

ಮೇಜುಪರದೆಗಳನ್ನು ಪ್ರಯೋಗಾಲಯದಲ್ಲಿ ಅಭ್ಯಾಸ ಮಾಡಿದವರು ಒಂದು ತೊಡಕನ್ನು ಬೇಗನೇ ಕಂಡುಕೊಂಡರು. ಬರಹಕ್ಕೆ ತಲೆ ಇದೆ, ಕಾಲಿದೆ. ಒಂದು ಪುಟವನ್ನು ಮೇಜಿನ ಮೇಲಿಟ್ಟರೆ ಒಬ್ಬರಿಗೆ ನೇರ, ಎದುರಿನವರಿಗೆ ತಲೆಕೆಳಗು, ಪಕ್ಕದವರಿಗೆ ಅಡ್ಡ. ನಾಲ್ವರು ಸಮಾನರಾಗಿ ಕುಳಿತಿದ್ದರೂ ಪುಟದ ಕಾಲು ಯಾರ ಕಡೆಗಿದೆಯೋ ಅವರದೇ ಯಜಮಾನಿಕೆ. ಇದಕ್ಕೆ ಪರಿಹಾರವಾಗಿ ಯಂತ್ರವೇ ಪುಟಗಳನ್ನು ತಿರುಗಿಸಿಕೊಡಲಿ ಎಂಬ ಸಲಹೆಗಳಿದ್ದವು. ಆದರೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಸಂಶೋಧಕರು ಮೊದಲು ಸಾದಾ ಮೇಜಿನ ಸುತ್ತ ಜನರು ಕಾಗದಗಳನ್ನು ಹೇಗೆ ತಿರುಗಿಸುತ್ತಾರೆಂದು ನೋಡಿದರು. 2003ರಲ್ಲಿ ಪ್ರಕಟವಾದ ಅವರ ಪ್ರಬಂಧದ ಸಾರ ಸ್ವಾರಸ್ಯಕರವಾಗಿದೆ. ನಾವು ಕಾಗದ ತಿರುಗಿಸುವುದು ಓದಲು ಮಾತ್ರವಲ್ಲ. ಒಂದು ಕಾಗದವನ್ನು ಇನ್ನೊಬ್ಬರ ಕಡೆಗೆ ತಿರುಗಿಸಿದರೆ ಅದು ಬಾಯಿ ತೆರೆಯದೆ ಆಡಿದ ಮಾತು. ನೋಡಿ, ಇದರ ಬಗ್ಗೆ ಮಾತಾಡೋಣ ಎಂದಂತೆ. ತನ್ನ ಕಡೆಗೆ ತಿರುಗಿಸಿಕೊಂಡರೆ, ಸದ್ಯಕ್ಕೆ ಇದು ನನ್ನದು ಎಂದಂತೆ. ಈ ತಿರುಗಿಸುವಿಕೆಯನ್ನು ಯಂತ್ರಕ್ಕೆ ಒಪ್ಪಿಸಿದರೆ ಆ ಮಾತೇ ಹೋಗಿಬಿಡುತ್ತದೆ.

ಬ್ಯಾಂಕಿನಲ್ಲಾಗಲಿ ನೋಂದಣಿ ಕಚೇರಿಯಲ್ಲಾಗಲಿ ಎದುರಿನವರು ಕಾಗದವನ್ನು ನಮ್ಮತ್ತ ತಿರುಗಿಸಿ, ಬೆರಳಿಟ್ಟು, "ಇಲ್ಲಿ ರುಜು ಹಾಕಿ" ಎನ್ನುವ ಕ್ಷಣವನ್ನು ನೆನಪಿಸಿಕೊಳ್ಳಿ. ಅಷ್ಟು ಹೊತ್ತು ಅವರದಾಗಿದ್ದ ಕಾಗದ ಆಗ ನಮ್ಮದಾಗುತ್ತದೆ. ಓದುತ್ತೇವೋ ಇಲ್ಲವೋ ಬೇರೆ ಮಾತು, ಓದುವ ಹಕ್ಕು ಅಲ್ಲಿ ಒಪ್ಪಿತವಾಗಿರುತ್ತದೆ. ನೆಟ್ಟಗೆ ನಿಂತ ಪರದೆ ಈ ಸಣ್ಣ ಶಿಷ್ಟಾಚಾರವನ್ನು ಸದ್ದಿಲ್ಲದೆ ಅಳಿಸಿಹಾಕಿತು.

ಅದೇ ಬಳಗದ ಕೆಲವರು 2004ರಲ್ಲಿ ಇನ್ನೊಂದು ಅಧ್ಯಯನ ಪ್ರಕಟಿಸಿದರು. ಸುತ್ತ ಕುಳಿತು ಕೆಲಸ ಮಾಡುವವರು ಯಾರೂ ಹೇಳಿಕೊಡದೆಯೇ ಮೇಜನ್ನು ಹಂಚಿಕೊಳ್ಳುತ್ತಾರೆ. ತಮ್ಮೆದುರಿನ ಜಾಗ ತಮ್ಮದು, ನಡುವಿನದು ಎಲ್ಲರದು, ಅಂಚುಗಳಲ್ಲಿ ಸಾಮಾನು ಕೂಡಿಡುವ ಜಾಗ. ಇನ್ನೊಬ್ಬರ ಮುಂದಿನದಕ್ಕೆ ಕೈ ಚಾಚಲು ಹಿಂಜರಿಯುತ್ತಾರೆ. ಇದನ್ನು ಓದಿದಾಗ ನಮಗೆ ನಗು ಬಂತು. ನಮ್ಮ ಮನೆಗಳಲ್ಲಿ ದಸ್ತರ್‌ಖಾನ್ ಹಾಸಿ ಒಂದೇ ದೊಡ್ಡ ತಟ್ಟೆಯ ಸುತ್ತ ಕುಳಿತಾಗ ಮಕ್ಕಳಿಗೆ ಮೊದಲು ಹೇಳಿಕೊಡುವುದೇ ಇದನ್ನು. ಪ್ರವಾದಿ(ಸ)ಯವರ ಆಶ್ರಯದಲ್ಲಿ ಬೆಳೆಯುತ್ತಿದ್ದ ಬಾಲಕನೊಬ್ಬನ ಕೈ ತಟ್ಟೆಯ ತುಂಬ ಓಡಾಡುತ್ತಿದ್ದಾಗ, ಅಲ್ಲಾಹನ ಹೆಸರು ಹೇಳಿ ಬಲಗೈಯಿಂದ ನಿನ್ನ ಹತ್ತಿರವಿರುವುದನ್ನು ಉಣ್ಣು ಎಂದು ಅವರು ತಿದ್ದಿದ್ದರು. ತಟ್ಟೆ ಎಲ್ಲರದೂ ಹೌದು, ಪ್ರತಿಯೊಬ್ಬರ ಮುಂದಿನ ತುತ್ತು ಅವರವರದೂ ಹೌದು. ಪಾಲು ಹಾಕಿ ಗೆರೆ ಎಳೆಯದೆಯೇ ಇದು ಸಾಧ್ಯವಾಗುತ್ತದೆ, ಸುತ್ತ ಕುಳಿತವರು ಒಬ್ಬರ ಮುಖ ಒಬ್ಬರು ಕಾಣುತ್ತಿರುವವರೆಗೆ. ತಲಾ ಒಂದು ತಟ್ಟೆ ಕೊಟ್ಟರೆ ಜಗಳವಿಲ್ಲ, ಆದರೆ ಕಲಿಯುವುದೂ ಇಲ್ಲ.

ಮೇಜಿನ ಮೇಲೆ ಯಾರ ಬೆರಳು ಏನು ಮಾಡಿತು ಎಂಬ ಪ್ರಶ್ನೆಯೂ ಹಗುರವಾದುದಲ್ಲ. ಮೈಕ್ರೋಸಾಫ್ಟ್ ಮೇಜಿಗೆ ಬೆರಳುಗಳು ಕಾಣುತ್ತಿದ್ದವು, ಅವು ಯಾರವೆಂದು ತಿಳಿಯುತ್ತಿರಲಿಲ್ಲ. ಅದಕ್ಕೂ ಮೊದಲು, 2001ರಲ್ಲಿ, ಮಿಟ್ಸುಬಿಷಿ ಕಂಪೆನಿಯ ಅಮೆರಿಕದ ಪ್ರಯೋಗಾಲಯದಲ್ಲಿ 'ಡೈಮಂಡ್‌ಟಚ್' ಎಂಬ ಮೇಜು ತಯಾರಾಗಿತ್ತು. ಕುಳಿತವರು ಮೇಜು ಮುಟ್ಟಿದಾಗ ತೀರಾ ದುರ್ಬಲವಾದ ವಿದ್ಯುತ್ ಸಂಕೇತವೊಂದು ಅವರ ಮೈಯ ಮೂಲಕ ಅವರವರ ಕುರ್ಚಿಗೆ ತಲುಪುತ್ತಿತ್ತು. ಹೀಗೆ ಯಾವ ಕುರ್ಚಿಯವರ ಬೆರಳು ಎಂಬುದು ಮೇಜಿಗೆ ಗೊತ್ತಾಗುತ್ತಿತ್ತು. ಅಂತಹ ಮೇಜಿನ ಮೇಲೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಒಂದು ಪ್ರಯೋಗ ತೋರಿಸಿದರು. ಕೆಲವು ಕೆಲಸಗಳು ಒಬ್ಬರು ಮುಟ್ಟಿದರೆ ಆಗುವುದಿಲ್ಲ, ಕುಳಿತವರೆಲ್ಲ ಒಟ್ಟಿಗೆ ಕೈ ಹಾಕಿದರೆ ಮಾತ್ರ ಆಗುತ್ತವೆ. ಎಲ್ಲರ ಒಪ್ಪಿಗೆಯಿಲ್ಲದೆ ಯಾರೂ ಕೆಲಸ ಮುಚ್ಚಿ ಎದ್ದುಹೋಗುವಂತಿಲ್ಲ.

ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ ಯಾವುದರ ಬಗ್ಗೆ ಇದೆ ಎಂದು ಕೇಳಿದರೆ ಅನೇಕರು ತಡವರಿಸುತ್ತಾರೆ. ಅದು ಸ್ವರ್ಗ-ನರಕದ ಬಗ್ಗೆ ಅಲ್ಲ, ಸಾಲದ ಪತ್ರ ಬರೆಯುವುದರ ಬಗ್ಗೆ. ಅಲ್ ಬಕರಃ ಅಧ್ಯಾಯದ 282ನೆಯ ಸೂಕ್ತ. ಬರೆಯಬಲ್ಲವನು ನ್ಯಾಯವಾಗಿ ಬರೆಯಬೇಕು, ಬರೆಯಲು ನಿರಾಕರಿಸಬಾರದು. ಬರೆಸುವವನು ಲೇಖಕನಲ್ಲ, ಸಾಲ ಕೊಟ್ಟ ಬಲಾಢ್ಯನೂ ಅಲ್ಲ, ಸಾಲದ ಹೊಣೆ ಹೊತ್ತವನು. ಅವನು ಅಶಕ್ತನಾದರೆ ಅವನ ಪರವಾಗಿ ಅವನ ಪೋಷಕ ನ್ಯಾಯದಿಂದ ಬರೆಸಬೇಕು. ಸಾಕ್ಷಿಗಳಿರಬೇಕು. ಲೇಖಕನಿಗೂ ಸಾಕ್ಷಿಗೂ ತೊಂದರೆಯಾಗಬಾರದು. ಓದು ಬರಹ ಬಲ್ಲವರು ಬೆರಳೆಣಿಕೆಯಷ್ಟಿದ್ದ ಸಮಾಜದಲ್ಲಿ ಲೇಖಣಿ ಹಿಡಿದವನಿಗೆ ಎಂತಹ ಅಧಿಕಾರವಿತ್ತೆಂದು ಊಹಿಸಿದರೆ ಈ ಎಚ್ಚರಿಕೆಯ ಅರ್ಥ ತಿಳಿಯುತ್ತದೆ. ಯಾರ ವಿಷಯವನ್ನು ಬರೆಯಲಾಗುತ್ತಿದೆಯೋ ಅವರು ಬರಹದ ಬಳಿಯಲ್ಲೇ ಇರಬೇಕು, ಅವರ ಬಾಯಿಂದಲೇ ಅದು ಬರಬೇಕು. ಇಂದು ಲೇಖಣಿಯ ಜಾಗದಲ್ಲಿ ಕೀಲಿಮಣೆ ಬಂದಿದೆ. ಅಕ್ಷರ ಬಲ್ಲವರು ಹೆಚ್ಚಾಗಿದ್ದಾರೆ. ಆದರೂ ನಮ್ಮ ಬಗ್ಗೆ ಬರೆದದ್ದು ನಮಗೆ ಬೆನ್ನು ಮಾಡಿ ನಿಂತಿದೆ.

ಮೇಜುಪರದೆಯ ಪರವಾಗಿ ನಾವು ಅತಿಯಾಗಿ ವಾದಿಸುತ್ತಿದ್ದೇವೆ ಎಂದು ಯಾರಾದರೂ ಆಕ್ಷೇಪಿಸಬಹುದು. ನಿಂತ ಪರದೆ ನಮ್ಮಿಂದ ಮರೆಮಾಡುವಂತೆ ಹಿಂದಿನ ಸಾಲಿನವರಿಂದಲೂ ಮರೆಮಾಡುತ್ತದೆ ಎಂಬುದು ನಿಜವೇ. ಒಬ್ಬಳು ತಾಯಿಯ ಕಾಯಿಲೆ, ಒಬ್ಬ ರೈತನ ಸಾಲ ಅಂಗೈ ಅಗಲದ ಅಕ್ಷರಗಳಲ್ಲಿ ಮೇಜಿನ ಮೇಲೆ ಹರಡಿಕೊಂಡರೆ ಸುತ್ತ ಇಣುಕುವ ಕಣ್ಣುಗಳಿಗೆ ಕೊರತೆಯಿಲ್ಲ. ಇತರರ ಗುಟ್ಟನ್ನು ಕೆದಕಬೇಡಿ ಎಂದ ಧರ್ಮ ನಮ್ಮದು. ವೈದ್ಯರ ಮೇಜಿನಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಮರೆ ಬೇಕೇ ಬೇಕು. ಆದರೆ ಮರೆ ಇರಬೇಕಾದದ್ದು ನಮಗೂ ನಮ್ಮ ದಾಖಲೆಗೂ ನಡುವೆ ಅಲ್ಲವಲ್ಲ.

ಕಾಗದವನ್ನು ಓಡಿಸಿಯೇ ಕಂಪ್ಯೂಟರ್ ಬರಬೇಕೆಂದೂ ಇರಲಿಲ್ಲ. 1991ರ ಸುಮಾರಿಗೆ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಜೆರಾಕ್ಸ್ ಪ್ರಯೋಗಾಲಯದಲ್ಲಿ ಪಿಯರ್ ವೆಲ್ನರ್ ಎಂಬವರು ಸಾದಾ ಮೇಜಿನ ಮೇಲುಗಡೆ ಕ್ಯಾಮೆರಾ ಮತ್ತು ಪ್ರೊಜೆಕ್ಟರ್ ತೂಗುಹಾಕಿ 'ಡಿಜಿಟಲ್ ಡೆಸ್ಕ್' ಮಾಡಿದ್ದರು. ಮೇಜಿನ ಮೇಲೆ ನಿಜವಾದ ಕಾಗದವೇ ಇರುತ್ತಿತ್ತು. ಅದರಲ್ಲಿನ ಒಂದು ಸಂಖ್ಯೆಯನ್ನು ಬೆರಳಿನಿಂದ ತೋರಿಸಿದರೆ ಬೆಳಕಿನಲ್ಲಿ ಮೂಡಿದ ಕ್ಯಾಲ್ಕುಲೇಟರಿಗೆ ಅದು ಸೇರುತ್ತಿತ್ತು. ಅದೇ ಜೆರಾಕ್ಸ್ ಕಂಪೆನಿ 1981ರಲ್ಲಿ ಮಾರುಕಟ್ಟೆಗೆ ತಂದಿದ್ದ 'ಸ್ಟಾರ್' ಕಂಪ್ಯೂಟರಿನ ಪರದೆಯ ಮೇಲೆ ಮೇಜಿನ ಚಿತ್ರವಿತ್ತು, ಕಡತಗಳ ಸಣ್ಣ ಚಿತ್ರಗಳಿದ್ದವು. 'ಡೆಸ್ಕ್‌ಟಾಪ್' ಎಂದು ಇಂದಿಗೂ ನಾವು ಕರೆಯುವುದು ಅಂತಹ ಚಿತ್ರವನ್ನು. ಮೇಜನ್ನು ಪರದೆಯೊಳಗೆ ಚಿತ್ರವಾಗಿ ಹಾಕುವುದಕ್ಕೂ ನಿಜವಾದ ಮೇಜಿಗೆ ಕಂಪ್ಯೂಟರಿನ ಶಕ್ತಿ ಕೊಡುವುದಕ್ಕೂ ಬಹಳ ಅಂತರವಿದೆ. ಚಿತ್ರದ ಮೇಜಿನ ಎದುರು ಬದಿಯಲ್ಲಿ ಯಾರೂ ಕೂರಲಾರರು.

ಹೀಗಿರುವಾಗ ಪ್ರತಿ ತಾಲೂಕು ಕಚೇರಿಗೂ ಮೇಜುಪರದೆ ತರಿಸಿ ಎಂದು ನಾವು ಅರ್ಜಿ ಬರೆಯುತ್ತಿಲ್ಲ. ತರಿಸಿದರೂ ಎರಡನೇ ತಿಂಗಳಿಗೆ ಅದರ ಮೇಲೆ ಕಡತಗಳ ರಾಶಿ ಬಿದ್ದಿರುತ್ತದೆ, ಮಳೆಗಾಲದಲ್ಲಿ ಕರೆಂಟ್ ಹೋದಾಗ ಊಟದ ಬುತ್ತಿ ಬಿಚ್ಚಲು ಅನುಕೂಲವಾಗುತ್ತದೆ. ಪರದೆಯ ಬೆನ್ನಿಗೆ ಇನ್ನೊಂದು ಅಗ್ಗದ ಪರದೆ ಜೋಡಿಸಿದರೂ ಅರ್ಧ ಕೆಲಸವಾದೀತು. ಬಿಲ್ಲು ಮೂಡುತ್ತಿದ್ದ ಹಾಗೆ ಗಿರಾಕಿಗೂ ಕಾಣಲಿ ಎಂದು ಕೆಲವು ಅಂಗಡಿಗಳಲ್ಲಿ ಹೀಗೆ ಮಾಡಿರುವುದನ್ನು ನಾವು ನೋಡಿದ್ದೇವೆ. ಅಕ್ಕಿ-ಬೇಳೆಯ ಲೆಕ್ಕ ನೋಡುವ ಹಕ್ಕಿದ್ದವರಿಗೆ ತಮ್ಮ ಹೆಸರಿನ ಲೆಕ್ಕ ನೋಡುವ ಹಕ್ಕಿಲ್ಲವೇ?

ನಾಲ್ಕನೆಯ ಬಾರಿ ನಾವು ಹೋದಾಗ ಕೌಂಟರಿನಲ್ಲಿ ಹೊಸಬನೊಬ್ಬ ಹುಡುಗ ಕುಳಿತಿದ್ದ. ಹೆಸರು ತಾಳೆಯಾಗುವುದಿಲ್ಲ ಎಂದು ಅವನೂ ಹೇಳಿದ. ಆದರೆ ಹೇಳಿದವನು ಒಂದು ಗಳಿಗೆ ಸುಮ್ಮನಿದ್ದು, ಪಕ್ಕದ ಕಾಗದದ ಕಟ್ಟನ್ನು ಸರಿಸಿ, ವೈರು ಎಳೆದ ಮಟ್ಟಿಗೆ ಪರದೆಯನ್ನು ನಮ್ಮ ಕಡೆ ತಿರುಗಿಸಿದ. "ನೀವೇ ನೋಡಿ ಅಮ್ಮಾ" ಎಂದ.

ಆ ತಾಯಿ ನಾಲ್ಕನೆಯ ತರಗತಿಯವರೆಗೆ ಓದಿದವರು. ಕನ್ನಡಕವನ್ನು ಮೂಗಿನ ಮೇಲೆ ಸರಿಪಡಿಸಿಕೊಂಡು, ಮುಂದಕ್ಕೆ ಬಾಗಿ, ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದರು. ರೇಷನ್ ಕಾರ್ಡಿನಲ್ಲಿ ಹೆಸರಿನ ಕೊನೆಗೆ 'ಕುಂಞಿ' ಎಂದಿತ್ತು. ಅದು ಇಂಗ್ಲಿಷಿಗೆ ಹೋಗಿ ಮತ್ತೆ ಕನ್ನಡಕ್ಕೆ ಮರಳುವಾಗ ಪರದೆಯಲ್ಲಿ 'ಕುನ್ಹಿ' ಆಗಿತ್ತು.

"ಇದು ಇವರ ಹೆಸರಲ್ಲ ಮಗಾ" ಎಂದರು.

"ಹಾಗಾದರೆ ನೀವು ಹೇಳಿ ಅಮ್ಮಾ, ನಾನು ಟೈಪ್ ಮಾಡ್ತೇನೆ."

ಅವರು ನಮ್ಮ ಮುಖ ನೋಡಿದರು. ನಾವು ಬಾಯಿ ಹಾಕಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ತಗ್ಗಿದ ದನಿಯಲ್ಲಿ, ಬದುಕಿನಲ್ಲಿ ಎಂದೂ ಆಡದಿದ್ದ ಆ ಹೆಸರನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಹುಡುಗ 'ಞ' ಅಕ್ಷರ ಯಾವ ಕೀಲಿಯಲ್ಲಿದೆ ಎಂದು ಸ್ವಲ್ಪ ಹೊತ್ತು ಹುಡುಕಿದ. ಸಿಕ್ಕಿತು. ತಿದ್ದಿದ್ದನ್ನು ಇನ್ನೊಮ್ಮೆ ತೋರಿಸಿ, ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಮುಂದಿನವರನ್ನು ಕರೆದ. ಮುಟ್ಟಿದರೆ ಏನೂ ಆಗದ ಹಳೆಯ ಪರದೆ ಅದು. ಆ ತಾಯಿಯ ಬೆರಳಿನ ಗುರುತು ಗಾಜಿನ ಮೇಲೆ ಹಾಗೆಯೇ ಇತ್ತು.